ಅರೆತಲೆ ನೋವಿನ ಲೆಕ್ಕ

ಕನ್ನಡದಲ್ಲಿ ‘ತಲೆನೋವು’ ಎಂಬ ಮಾತಿಗೆ ಈಗ ಬೆಲೆಯೇ ಇಲ್ಲದಂತಾಗಿದೆ. ಮೇಲಧಿಕಾರಿ ತಲೆನೋವು, ಮನೆಯ ಮಾಲಿಕ ತಲೆನೋವು, ಬೆಳಗಿನ ಎಂಟು ಗಂಟೆಯ ಲೋಕಲ್ ಗಾಡಿ ತಲೆನೋವು. ಎಲ್ಲದಕ್ಕೂ ಒಂದೇ ಶಬ್ದವನ್ನು ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಆದ ಕಾರಣ ನಿಜವಾಗಿಯೂ ತಲೆ ನೋಯುತ್ತಿರುವವರು ಬಾಯಿಬಿಟ್ಟು ಹೇಳಿದರೂ ಅದು ಯಾರ ಕಿವಿಗೂ ನಾಟುವುದಿಲ್ಲ. ‘ತಲೆನೋವೇ? ಒಂದು ಲೋಟ ಕಾಫಿ ಕುಡಿದು ಮಲಗಿ, ಸರಿಹೋಗುತ್ತದೆ’ ಎಂಬ ಉತ್ತರ ಎಲ್ಲರ ಬಳಿಯೂ ಸಿದ್ಧವಾಗಿರುತ್ತದೆ.

ನಾವು ಹೇಳಹೊರಟಿರುವುದು ಆ ಕಾಫಿಯ ತಲೆನೋವಿನ ಮಾತಲ್ಲ. ಅರೆತಲೆ ನೋವು, ಅಂದರೆ ಮೈಗ್ರೇನ್ ಎಂಬುದರ ಮಾತು. ನಾವು ವೈದ್ಯರಲ್ಲ, ಸರಕಾರಿ ಕಚೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತರು. ಆದರೆ ಮುಲುಂಡಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಈ ವ್ಯಾಧಿ ಹಲವು ವರ್ಷ ಬಾಡಿಗೆ ಕೊಡದೆ ವಾಸವಾಗಿತ್ತು. ಅದಕ್ಕೆ ತಕ್ಕ ಚಿಕಿತ್ಸೆ ಎಲ್ಲಿದೆ ಎಂದು ಹುಡುಕುತ್ತ ತಿಳಿದುಕೊಂಡ ಸಂಗತಿಗಳು ನಮ್ಮ ವಾಚಕರ ಮನೆಗಳಲ್ಲಿಯೂ ಉಪಯೋಗಕ್ಕೆ ಬಂದಾವು ಎಂದು ಬರೆಯುತ್ತಿದ್ದೇವೆ.

ರೋಗ ಹೊಸದೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಹನ್ನೊಂದು ಬಗೆಯ ಶಿರೋರೋಗಗಳನ್ನು ಎಣಿಸಿದೆ. ‘ಅರ್ಧಾವಭೇದಕ’ ಎಂಬುದು ಅವುಗಳಲ್ಲಿ ಒಂದು. ತಲೆಯ ಅರ್ಧವನ್ನು ಸೀಳುವಂಥ ನೋವು ಎಂದು ಆ ಹೆಸರೇ ಹೇಳುತ್ತದೆ. ಅತ್ತ ಗ್ರೀಕ್ ವೈದ್ಯ ಗೇಲನ್ ಇದನ್ನೇ ‘ಹೆಮಿಕ್ರೇನಿಯಾ’, ಅಂದರೆ ಅರೆತಲೆ, ಎಂದು ಕರೆದ. ಆ ಶಬ್ದ ಸವೆದು ಸವೆದು ‘ಮೈಗ್ರೇನ್’ ಆಯಿತು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಪಿತ್ತದ ತಲೆನೋವು’ ಎನ್ನುತ್ತಾರೆ. ವಾಂತಿಯಾದ ಮೇಲೆ ಕೆಲವರಿಗೆ ನೋವು ಇಳಿಯುವುದನ್ನು ಕಂಡು ಹಿರಿಯರು ಇಟ್ಟ ಹೆಸರಿರಬೇಕು. ಇನ್ನು ಇದು ಎಷ್ಟು ಜನರಿಗಿದೆ ಎಂಬುದನ್ನು ಕೇಳಿದರೆ ಯಾರಿಗಾದರೂ ಆಶ್ಚರ್ಯವಾಗದಿರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರು ನಗರ ಮತ್ತು ಸುತ್ತಲ ಗ್ರಾಮಗಳಲ್ಲಿ 18ರಿಂದ 65 ವಯಸ್ಸಿನ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಶೇಕಡಾ 25.2 ಮಂದಿಗೆ ಮೈಗ್ರೇನ್ ಇತ್ತು. ನಾಲ್ವರಲ್ಲಿ ಒಬ್ಬರೆಂದಾಯಿತು! ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಐವತ್ತು ವರ್ಷದೊಳಗಿನ ಸ್ತ್ರೀಯರ ದೈನಂದಿನ ಬದುಕನ್ನು ಕುಂಠಿತಗೊಳಿಸುವ ಕಾರಣಗಳಲ್ಲಿ ಮೈಗ್ರೇನೇ ಮೊದಲನೆಯದೆಂದು 2019ರ ಜಾಗತಿಕ ರೋಗಭಾರದ ಲೆಕ್ಕ ಹೇಳುತ್ತದೆ.

ನಮ್ಮ ಮನೆಯಲ್ಲಿ ಈ ಲೆಕ್ಕಕ್ಕೆ ಸೇರಿದವರು ನಮ್ಮ ಅತ್ತಿಗೆಯವರು. ಹಾವೇರಿ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದವರು. ಮನೆಗೆಲಸ ಮುಗಿಸಿ ಸಂಜೆ ಕಟ್ಟಡದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಹನ್ನೆರಡು ಮಕ್ಕಳು ಬರುತ್ತಿದ್ದರು. ಆ ಹಣದಿಂದಲೇ ಅವರ ಮಗಳ ಶಾಲೆಯ ಫೀಸು ಹೊಂದಿಕೊಳ್ಳುತ್ತಿತ್ತು. ಮೊದಲು ತಿಂಗಳಿಗೊಂದು ಸಲ ಬರುತ್ತಿದ್ದ ನೋವು ವಾರಕ್ಕೊಂದಾಯಿತು, ಆಮೇಲೆ ದಿನ ಬಿಟ್ಟು ದಿನ ಬರತೊಡಗಿತು. ಎಡಗಣ್ಣಿನ ಹಿಂದೆ ಮೊಳೆ ಹೊಡೆದಂತೆ ಮಿಡಿತ, ಬೆಳಕು ಕಂಡರಾಗದು, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುವುದು. ಮುಲುಂಡಿನಲ್ಲಿ ಗುಜರಾತಿ ಬಂಧುಗಳು ಬಹಳ. ನವರಾತ್ರಿಯ ಗರಬಾ ನಡೆಯುವ ಒಂಬತ್ತು ರಾತ್ರಿಯೂ ಅವರು ಕಿವಿಗೆ ಹತ್ತಿ ತುರುಕಿಕೊಂಡು ಕತ್ತಲೆಯಲ್ಲಿ ಮಲಗಿರುತ್ತಿದ್ದರು. ‘ಇಂದು ಪಾಠವಿಲ್ಲ’ ಎಂದು ಮಕ್ಕಳನ್ನು ಹಿಂದಕ್ಕೆ ಕಳಿಸುವ ದಿನಗಳು ಹೆಚ್ಚಿದವು. ತಾಯಂದಿರು ಬೇರೆ ಟ್ಯೂಷನ್ ನೋಡಿಕೊಂಡರು. ಕೊನೆಗೆ ಉಳಿದವರು ನಾಲ್ವರು.

ಚಿಕಿತ್ಸೆ ಮಾಡಲಿಲ್ಲವೇ ಎಂದರೆ, ಮಾಡದ ಚಿಕಿತ್ಸೆಯೇ ಇಲ್ಲ. ಶುಂಠಿ ತೇಯ್ದು ಹಚ್ಚಿದ್ದಾಯಿತು, ಜಾಯಿಕಾಯಿ ತೇಯ್ದು ಹಚ್ಚಿದ್ದಾಯಿತು. ಎದುರು ಮನೆಯ ಬಾ ಅವರು ಹೇಳಿದ ಮೇರೆಗೆ ಸೂರ್ಯೋದಯಕ್ಕೆ ಮುಂಚೆ ಬಿಸಿ ಹಾಲಿನಲ್ಲಿ ಜಿಲೇಬಿ ಅದ್ದಿ ತಿಂದದ್ದೂ ಆಯಿತು. (ಜಿಲೇಬಿಯ ಚಿಕಿತ್ಸೆಗೆ ಮನೆಯ ಉಳಿದವರಿಂದಲೂ ಒಳ್ಳೆಯ ಸಹಕಾರವಿತ್ತು.) ಹಣೆಗೆ ಹಚ್ಚುವ ಅಮೃತಾಂಜನವಂತೂ ಸರಿಯೇ ಸರಿ, 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಅದನ್ನು ಹುಟ್ಟುಹಾಕಿದ್ದು ಇದೇ ಮುಂಬಯಿಯಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತೋ! ಬಳಿಕ ಕಣ್ಣಿನ ವೈದ್ಯರು ಕನ್ನಡಕದ ನಂಬರು ಬದಲಿಸಿದರು. ಮೂಗಿನ ವೈದ್ಯರು ಸೈನಸ್ ಎಂದರು. ತಲೆಯ ಸ್ಕ್ಯಾನ್ ಮಾಡಿಸಿದಾಗ ಎಲ್ಲ ಸರಿಯಾಗಿದೆ ಎಂದು ಬಂತು. ‘ಏನೂ ಇಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ’ ಎಂದು ಒಬ್ಬ ಡಾಕ್ಟರು ಫೀಸು ತೆಗೆದುಕೊಂಡು ಕಳಿಸಿದರು. ಆ ‘ಏನೂ ಇಲ್ಲ’ ಎಂಬ ಮಾತು ಅತ್ತಿಗೆಯವರಿಗೆ ನೋವಿಗಿಂತ ಹೆಚ್ಚು ನೋವು ಕೊಟ್ಟಿತು. ಏನೂ ಇಲ್ಲದಿದ್ದ ಮೇಲೆ ಮಲಗುವುದೇಕೆ ಎಂದು ಕೇಳುವ ಜನ ಎಲ್ಲ ಮನೆಗಳಲ್ಲಿಯೂ ಇರುತ್ತಾರಷ್ಟೆ. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣಿಸಿಕೊಳ್ಳುವ ರೋಗವಲ್ಲ. ಸ್ಕ್ಯಾನ್ ಮಾಡುವುದು ಬೇರೆ ರೋಗ ಇಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ. ಇಷ್ಟು ಮಾತನ್ನು ಆ ದಿನ ಯಾರಾದರೂ ಹೇಳಿದ್ದರೆ ಮನೆಯೊಳಗಿನ ಅರ್ಧ ಜಗಳ ತಪ್ಪುತ್ತಿತ್ತು.

ಇಷ್ಟರ ನಡುವೆ ಅವರನ್ನು ಕಾಪಾಡುತ್ತಿದ್ದುದು ಔಷಧದ ಅಂಗಡಿಯ ಗುಳಿಗೆ. ಚೀಟಿ ಬೇಡ, ಸರತಿ ಬೇಡ. ಒಂದು ನುಂಗಿದರೆ ಗಂಟೆಯೊಳಗೆ ಎದ್ದು ಅಡಿಗೆ ಮಾಡಬಹುದು. ಪರ್ಸಿನಲ್ಲಿ ಒಂದು ಪಟ್ಟಿ, ದೇವರ ಗೂಡಿನ ಪಕ್ಕದಲ್ಲಿ ಒಂದು ಪಟ್ಟಿ.

ಕೊನೆಗೆ ನಗರದ ದೊಡ್ಡ ಸಾರ್ವಜನಿಕ ಆಸ್ಪತ್ರೆಯೊಂದರ ನರರೋಗ ವಿಭಾಗಕ್ಕೆ ಹೋದೆವು. ಬೆಳಗ್ಗೆ ಕೇಸ್ ಪೇಪರು ಮಾಡಿಸಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತು, ತರುಣ ವೈದ್ಯೆಯೊಬ್ಬರ ಮುಂದೆ ನಿಂತಾಗ ಅವರು ಕೇಳಿದ ಮೊದಲ ಪ್ರಶ್ನೆ ನಮಗೆ ವಿಚಿತ್ರವೆನಿಸಿತು. ‘ತಾಈ, ತಿಂಗಳಲ್ಲಿ ಎಷ್ಟು ದಿನ ತಲೆ ನೋಯುವುದಿಲ್ಲ?’ ಅದುವರೆಗೆ ಎಲ್ಲರೂ ನೋಯುವ ದಿನವನ್ನೇ ಕೇಳಿದ್ದರು. ಎರಡನೆಯ ಪ್ರಶ್ನೆ: ‘ತಿಂಗಳಲ್ಲಿ ಎಷ್ಟು ದಿನ ಗುಳಿಗೆ ನುಂಗುತ್ತೀರಿ?’ ಮೂರನೆಯದು: ‘ತವರಿನಲ್ಲಿ ಯಾರಿಗಾದರೂ ಇದೆಯೇ?’ ಅತ್ತಿಗೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅವ್ವ ತಿಂಗಳಿಗೆ ಎರಡು ದಿನ ತಲೆಗೆ ಬಟ್ಟೆ ಬಿಗಿದುಕೊಂಡು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರು, ಪಿತ್ತವೆಂದು ಎಲ್ಲರೂ ಬಿಟ್ಟುಬಿಟ್ಟಿದ್ದರು ಎಂದರು. ಮೈಗ್ರೇನ್ ವಂಶಪಾರಂಪರ್ಯವಾಗಿ ಬರುವುದುಂಟು ಎಂದು ಆಗ ತಿಳಿಯಿತು.

ಮೊದಲೆರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ನಮ್ಮಲ್ಲಿರಲಿಲ್ಲ. ‘ಒಂದು ತಿಂಗಳು ಬರೆದಿಟ್ಟು ತನ್ನಿ’ ಎಂದರು. ಗುಮಾಸ್ತನಿಗೆ ಇದಕ್ಕಿಂತ ಪ್ರಿಯವಾದ ಆಜ್ಞೆ ಬೇರೆ ಉಂಟೇ? ಟಪ್ಪಾಲಿನ ವಹಿಯಂತೆ ಒಂದು ವಹಿಗೆ ಗೆರೆ ಹೊಡೆದುಕೊಟ್ಟೆವು: ತಾರೀಕು, ನೋವು ಹಿಡಿದ ಹೊತ್ತು, ಬಿಟ್ಟ ಹೊತ್ತು, ಗುಳಿಗೆ, ನಿದ್ದೆ, ಊಟದ ಸಮಯ, ಷರಾ. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ನೋವು 19 ದಿನ, ಗುಳಿಗೆ 17 ದಿನ.

ವೈದ್ಯೆ ಆಗ ವಿವರಿಸಿದ್ದನ್ನು ನಮಗೆ ಅರ್ಥವಾದಂತೆ ಬರೆಯುತ್ತೇವೆ. ಮೂರು ತಿಂಗಳಿಗೂ ಮೀರಿ, ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವಿದ್ದು, ಅದರಲ್ಲಿ ಎಂಟು ದಿನವಾದರೂ ಮೈಗ್ರೇನಿನ ಲಕ್ಷಣವಿದ್ದರೆ ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ಅದರ ಮೇಲೆ ಇನ್ನೊಂದು ಗಂಟು ಬೀಳುವುದುಂಟು. ನೋವಿನ ಗುಳಿಗೆಯನ್ನೇ ಮಿತಿಮೀರಿ ನುಂಗಿದರೆ ಆ ಗುಳಿಗೆಯಿಂದಲೇ ತಲೆನೋವು ಹುಟ್ಟುತ್ತದೆ! ಸಾದಾ ಗುಳಿಗೆಯಾದರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧ ಬೆರೆಸಿದ ಗುಳಿಗೆಯಾದರೆ 10 ದಿನ. ಆ ಗಡಿ ಮುಟ್ಟಿ ಮೂರು ತಿಂಗಳು ಕಳೆಯಿತೆಂದರೆ ಅಪಾಯ. ಸಾಲ ತೀರಿಸಲು ಸಾಲ ಮಾಡುವ ಪಠಾಣನ ಬಡ್ಡಿಯ ಲೆಕ್ಕವನ್ನು ನಮ್ಮ ಹಿರಿಯರು ಬಲ್ಲರು. ಇದೂ ಅದೇ ಬಗೆಯದು.

ಹಾಗಾದರೆ ಉಪಾಯ? ಗುಳಿಗೆ ನಿಲ್ಲಿಸುವುದು, ನೋವು ಬಾರದಂತೆ ತಡೆಯುವ ಔಷಧವನ್ನು ನಿತ್ಯ ತೆಗೆದುಕೊಳ್ಳುವುದು. ಇವು ಎರಡು ಬೇರೆ ಬೇರೆ ಔಷಧಗಳೆಂಬುದೇ ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಬೆಂಕಿ ಬಿದ್ದಾಗ ನೀರು ಹೊಯ್ಯುವುದು ಒಂದು. ಬೆಂಕಿ ಬೀಳದಂತೆ ಒಲೆ ನೋಡಿಕೊಳ್ಳುವುದು ಇನ್ನೊಂದು. ತಡೆಯುವ ಔಷಧಗಳ ಕಥೆ ಸ್ವಾರಸ್ಯವಾಗಿದೆ. ಪ್ರೊಪ್ರನೊಲಾಲ್ ಎಂಬುದು ಹೃದಯದ ನೋವಿಗೆ ಮಾಡಿದ ಔಷಧ. ಅದನ್ನು ನುಂಗುತ್ತಿದ್ದ ಹೃದ್ರೋಗಿಯೊಬ್ಬನ ಮೈಗ್ರೇನ್ ತಾನಾಗಿ ಇಳಿದದ್ದನ್ನು ವೈದ್ಯರು 1966ರಲ್ಲಿ ವರದಿ ಮಾಡಿದರು. ಅಮಿಟ್ರಿಪ್ಟಿಲಿನ್ ಮನಸ್ಸಿನ ಖಿನ್ನತೆಗೆ ಬಂದದ್ದು, ಟೊಪಿರಮೇಟ್ ಅಪಸ್ಮಾರಕ್ಕೆ ಬಂದದ್ದು. ಬೇರೆಯವರ ಮನೆಗೆ ಹೊರಟ ಅತಿಥಿಗಳು ನಮ್ಮ ಮನೆಗೆ ಬಂದು ಉಪಕಾರ ಮಾಡಿದಂತೆ! ಮೈಗ್ರೇನಿಗೆಂದೇ ರೂಪಿಸಿದ ಸುಮಟ್ರಿಪ್ಟಾನ್ ಮಾರಾಟಕ್ಕೆ ಬಂದದ್ದು 1991ರಲ್ಲಿ. ಅದು ನೋವು ಹಿಡಿದಾಗ ತೆಗೆದುಕೊಳ್ಳುವುದು, ಹೃದ್ರೋಗವಿದ್ದವರಿಗೆ ಸಲ್ಲದು.

ಅತ್ತಿಗೆಯವರಿಗೆ ರಾತ್ರಿ ಮಲಗುವ ಮುಂಚೆ ನುಂಗುವ ಸಣ್ಣ ಪ್ರಮಾಣದ ಗುಳಿಗೆಯೊಂದನ್ನು ಕೊಟ್ಟು, ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸಿದರು. ಅಂಗಡಿಯ ಗುಳಿಗೆಯನ್ನು ನಿಲ್ಲಿಸಿದ ಮೊದಲ ಹತ್ತು ದಿನಗಳನ್ನು ನೆನೆದರೆ ಈಗಲೂ ಮನೆಯವರಿಗೆಲ್ಲ ಎದೆ ನಡುಗುತ್ತದೆ. ನೋವು ಇಮ್ಮಡಿಯಾಯಿತು. ನಾಲ್ಕನೆಯ ರಾತ್ರಿ, ‘ಒಂದೇ ಒಂದು ಗುಳಿಗೆ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದು ನಮ್ಮ ಅಣ್ಣನನ್ನು ಬೇಡಿದರು. ಅಣ್ಣ ಮಾತನಾಡಲಿಲ್ಲ, ಒದ್ದೆ ಬಟ್ಟೆ ಹಿಂಡಿ ಹಣೆಗೆ ಇಡುತ್ತ ಬೆಳಗಾಗುವವರೆಗೆ ಕುಳಿತಿದ್ದ. ಹೀಗಾಗುತ್ತದೆಂದು ವೈದ್ಯೆ ಮೊದಲೇ ಹೇಳಿದ್ದರಿಂದ ತಡೆದುಕೊಂಡೆವು. ಬಹುಕಾಲದಿಂದ ಬಲವಾದ ಗುಳಿಗೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ತಾವಾಗಿ ಈ ಸಾಹಸಕ್ಕೆ ಇಳಿಯಬಾರದು.

ಹದಿನೈದನೆಯ ದಿನ ನೋವು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ತಡೆಯುವ ಔಷಧದ ಗುಣ ತಿಳಿಯಲು ಎರಡು ತಿಂಗಳು ಕಾಯಬೇಕು. ವಾರದಲ್ಲಿ ಗುಣ ಕಾಣಲಿಲ್ಲವೆಂದು ವೈದ್ಯರನ್ನು ಬದಲಾಯಿಸುವವರೇ ಹೆಚ್ಚು. ನಾಲ್ಕನೆಯ ತಿಂಗಳ ವಹಿಯಲ್ಲಿ ನೋವಿನ ದಿನ ಐದು. ಬಾಯಿ ಒಣಗುವುದು, ಬೆಳಗ್ಗೆ ಮಂಪರು, ಮೂರು ಕಿಲೋ ತೂಕ ಏರಿದ್ದು, ಇವೂ ಷರಾದಲ್ಲಿವೆ.

ವಹಿಯಿಂದ ಇನ್ನೊಂದು ಲಾಭವಾಯಿತು. ಶುಕ್ರವಾರದ ನೋವಿಗೆ ಕಾರಣ ಸಿಕ್ಕಿತು. ಶುಕ್ರವಾರ ಬೆಳಗ್ಗೆ ತಲೆಸ್ನಾನ, ಪೂಜೆ ಮುಗಿಯುವವರೆಗೆ ಉಪವಾಸ, ಒದ್ದೆ ಕೂದಲಿನ ಗಂಟು. ಇದು ನಮ್ಮ ಕಲ್ಪನೆಯಲ್ಲ. ಮುಂಬಯಿಯ ತಲೆನೋವಿನ ತಜ್ಞರಾದ ಡಾಕ್ಟರ್ ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಬರುವ 94 ರೋಗಿಗಳ ವಿಚಾರವನ್ನು 2006ರಲ್ಲಿ ವಿದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅವರಲ್ಲಿ 11 ಮಂದಿಗೆ ತಲೆಸ್ನಾನ ಒಂದೇ ಕಾರಣವಾಗಿತ್ತು. ಈಗ ಅತ್ತಿಗೆಯವರು ಭಾನುವಾರ ತಿಂಡಿ ತಿಂದ ಮೇಲೆ ತಲೆಗೆ ಹಾಕಿಕೊಂಡು ಕೂಡಲೇ ಒಣಗಿಸಿಕೊಳ್ಳುತ್ತಾರೆ. ಅಮ್ಮನಿಗೆ ಇದು ಮೊದಲು ಒಪ್ಪಿಗೆಯಾಗಲಿಲ್ಲ. ‘ದೇವರಿಗೆ ನಿನ್ನ ಕೂದಲು ಬೇಡ, ಕೈ ಮುಗಿ ಸಾಕು’ ಎಂದು ಕೊನೆಗೆ ಅವರೇ ತೀರ್ಪು ಕೊಟ್ಟರು.

ಎಲ್ಲರಿಗೂ ತಲೆಸ್ನಾನವೇ ಕಾರಣವೆಂದಲ್ಲ. ಊಟ ತಪ್ಪುವುದು, ನಿದ್ದೆಗೆಡುವುದು, ರಜೆಯ ದಿನ ಅತಿಯಾಗಿ ಮಲಗುವುದು, ಅಕ್ಟೋಬರ್ ಬಿಸಿಲು, ತಿಂಗಳ ಮುಟ್ಟು, ಒಬ್ಬೊಬ್ಬರಿಗೆ ಒಂದೊಂದು. ಖಾಲಿ ಹೊಟ್ಟೆಯಲ್ಲಿ ಮುಲುಂಡಿನಿಂದ ಬೋರಿಬಂದರಿನವರೆಗೆ ಒಂದು ಗಂಟೆ ನಿಂತು ಹೋಗುವ ನಮ್ಮಂಥವರು ಇದನ್ನು ಗಮನಿಸಬೇಕು. ಯೋಗದ ಮಾತೂ ಇದೆ. ದಿಲ್ಲಿಯ ಏಮ್ಸ್ ಆಸ್ಪತ್ರೆಯವರು ಆಗಾಗ ಮೈಗ್ರೇನ್ ಬರುವ ರೋಗಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬರಿಯ ಔಷಧ ಪಡೆದವರಿಗಿಂತ ಔಷಧದೊಡನೆ ಯೋಗವನ್ನೂ ಮಾಡಿದವರಿಗೆ ಹೆಚ್ಚು ಗುಣವಾಯಿತು. ‘ಔಷಧದೊಡನೆ’ ಎಂಬ ಮಾತನ್ನು ಯೋಗದ ಉತ್ಸಾಹಿಗಳು ದಯಮಾಡಿ ಮರೆಯಬಾರದು.

ಕೆಲವು ಎಚ್ಚರಿಕೆಗಳನ್ನು ವೈದ್ಯೆ ಬರೆಸಿದರು. ಸಿಡಿಲು ಬಡಿದಂತೆ ಒಮ್ಮೆಗೇ ಬಂದ ಭಯಂಕರ ನೋವು, ಜ್ವರದೊಡನೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲು ಶಕ್ತಿಗುಂದುವುದು, ಮಾತು ತೊದಲುವುದು, ಐವತ್ತರ ಮೇಲೆ ಹೊಸದಾಗಿ ತಲೆನೋವು ಹುಟ್ಟುವುದು, ಇವನ್ನು ಮೈಗ್ರೇನ್ ಎಂದು ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಧಾವಿಸಬೇಕು. ಉಬ್ಬಸವಿದ್ದವರಿಗೆ ಪ್ರೊಪ್ರನೊಲಾಲ್ ಆಗದು. ಗರ್ಭಿಣಿಯರು, ಗರ್ಭ ಧರಿಸಬೇಕೆಂದಿರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ವಾಲ್ಪ್ರೋಯೇಟ್‌ನಂಥ ಔಷಧ ಮಗುವಿಗೆ ಅಪಾಯಕಾರಿ.

2018ರಿಂದ ಮೈಗ್ರೇನಿಗೆಂದೇ ತಿಂಗಳಿಗೊಮ್ಮೆ ಚುಚ್ಚುವ ಹೊಸ ಬಗೆಯ ಔಷಧಗಳು ಅಮೆರಿಕದಲ್ಲಿ ಬಳಕೆಗೆ ಬಂದಿವೆ. ಅವುಗಳ ಬೆಲೆ ಗುಮಾಸ್ತನ ಸಂಬಳದ ಲೆಕ್ಕಕ್ಕೆ ಸೇರುವುದಲ್ಲ. ಅತ್ತಿಗೆಯವರ ರಾತ್ರಿಯ ಗುಳಿಗೆ ಹಳೆಯ ಕಾಲದ್ದು, ಅಗ್ಗದ್ದು. ಈಗ ಪಾಠಕ್ಕೆ ಒಂಬತ್ತು ಮಕ್ಕಳು ಬರುತ್ತಾರೆ. ಮುಂದಿನ ತಿಂಗಳು ವಹಿ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕಾಗಿದೆ. ಗುಳಿಗೆಯ ಪ್ರಮಾಣವನ್ನು ಇಳಿಸಬಹುದೇ, ಇನ್ನೂ ಆರು ತಿಂಗಳು ನಡೆಸಬೇಕೇ ಎಂಬುದನ್ನು ವೈದ್ಯೆ ಆ ದಿನ ಹೇಳುತ್ತಾರಂತೆ.