ಕುಡಿತ ಬಿಟ್ಟ ಮೇಲೂ ಲಿವರ್ ಮೇಲೆ ಕಣ್ಣಿರಲಿ

ಎಷ್ಟೋ ಕ್ಯಾನ್ಸರ್‌ಗಳು ಯಾರಿಗೆ ಬರುತ್ತವೆ, ಯಾಕೆ ಬರುತ್ತವೆ ಎಂದು ಮೊದಲೇ ಹೇಳುವುದು ಕಷ್ಟ. ಕುಡಿತದಿಂದ ಬರುವ ಲಿವರ್ ಕ್ಯಾನ್ಸರ್ ಹಾಗಲ್ಲ. ಅದು ಬಹುಪಾಲು ಹುಟ್ಟುವುದು ಗಂಟುಗಂಟಾಗಿ ಗಟ್ಟಿಯಾದ ಲಿವರ್‌ನಲ್ಲಿ, ಅಂದರೆ ಸಿರೋಸಿಸ್ ಆದವರಲ್ಲಿ. ಸಿರೋಸಿಸ್ ಆಗಲು ವರ್ಷಗಟ್ಟಲೆ ಹಿಡಿಯುತ್ತದೆ. ಅದಾದ ಮೇಲೂ ಗಡ್ಡೆ ಕಾಣಿಸಿಕೊಳ್ಳಲು ಎಷ್ಟೋ ಸಲ ವರ್ಷಗಳೇ ಬೇಕು. ಇಷ್ಟೆಲ್ಲ ಕಾಲಾವಕಾಶವಿದ್ದರೂ ಅನೇಕರು ಆಸ್ಪತ್ರೆ ಮೆಟ್ಟಿಲು ಹತ್ತುವುದು ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ಮೈ ಸೊರಗಿದ ಮೇಲೆ. ಆರು ತಿಂಗಳಿಗೊಮ್ಮೆ ಮಾಡಿಸಬೇಕಾದ ಒಂದು ಸರಳ ಅಲ್ಟ್ರಾಸೌಂಡ್ ಸ್ಕ್ಯಾನ್ ತಪ್ಪಿಹೋಗುವುದು ಇದಕ್ಕೆ ದೊಡ್ಡ ಕಾರಣ.

‘ದಿನಾ ಒಂದು ಕ್ವಾರ್ಟರ್ ಅಷ್ಟೇ’

ವಿಸ್ಕಿಯೋ ರಮ್ಮೋ, 180 ಮಿ.ಲೀ.ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 90 ಮಿ.ಲೀ. ಪ್ಯಾಕೆಟ್‌ನಲ್ಲಿ 30 ಗ್ರಾಂ. ಶೇ 8ರಷ್ಟು ಆಲ್ಕೋಹಾಲ್ ಇರುವ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 40 ಗ್ರಾಂ. ದಿನಕ್ಕೆ 60 ಗ್ರಾಂ ಎಂದರೆ ವೈದ್ಯರ ಲೆಕ್ಕದಲ್ಲಿ ಅದು ಅತಿಯಾದ ಕುಡಿತವೇ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಬಂದವು. ಸಾರಾಯಿ ಬಿಟ್ಟು ‘ಒಳ್ಳೇ ಮಾಲು’ ಕುಡಿಯುತ್ತೇನೆ ಎಂದರೆ ಲಿವರ್‌ಗೆ ಲಾಭವೇನಿಲ್ಲ. ಒಳಗೆ ಹೋದ ಆಲ್ಕೋಹಾಲ್ ಎಷ್ಟು, ಎಷ್ಟು ವರ್ಷ ಹೋಯಿತು ಎಂಬುದೇ ಅಲ್ಲಿ ಲೆಕ್ಕ.

ಲಿವರ್ ಆಲ್ಕೋಹಾಲನ್ನು ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಅದು ಜೀವಕೋಶದ ಡಿಎನ್‌ಎಯನ್ನೇ ಕೆಡಿಸುತ್ತದೆ. ವಿಪರೀತ ಕುಡಿಯುವವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಲಿವರ್‌ನಲ್ಲಿ ಕೊಬ್ಬು ಕಟ್ಟುತ್ತದೆ. ಈ ಹಂತದಲ್ಲಿ ಕುಡಿತ ಬಿಟ್ಟರೆ ಲಿವರ್ ಮೊದಲಿನಂತಾಗುವ ಸಾಧ್ಯತೆ ಹೆಚ್ಚು. ಮುಂದುವರಿಸಿದರೆ ಉರಿಯೂತ, ಕಲೆ, ಕೊನೆಗೆ ಶೇ 10ರಿಂದ 20ರಷ್ಟು ಜನರಿಗೆ ಸಿರೋಸಿಸ್. ಯಾರು ಪಾರಾಗುತ್ತಾರೆ, ಯಾರು ಸಿಕ್ಕಿಬೀಳುತ್ತಾರೆ ಎಂದು ಗ್ಲಾಸು ಎತ್ತುವಾಗ ಯಾರಿಗೂ ಗೊತ್ತಿರುವುದಿಲ್ಲ. ಹೆಪಟೈಟಿಸ್ ಬಿ ಅಥವಾ ಸಿ ಸೋಂಕು, ಸಕ್ಕರೆ ಕಾಯಿಲೆ, ಬೊಜ್ಜು ಜೊತೆಗೂಡಿದರೆ ಅಪಾಯ ಇಮ್ಮಡಿ, ಮುಮ್ಮಡಿಯಾಗುತ್ತದೆ. ಹೆಂಗಸರಿಗೆ ಇನ್ನೂ ಕಡಿಮೆ ಪ್ರಮಾಣದಲ್ಲೇ ಪೆಟ್ಟು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಷ್ಟು ಹಿಂದೆಯೇ.

ಸ್ಕ್ಯಾನ್ ಕೋಣೆಯಲ್ಲಿ

ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಬಲಗಡೆ ಪಕ್ಕೆಲುಬಿನ ಕೆಳಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ. ‘ಉಸಿರು ಎಳೀರಿ, ಹಾಗೇ ಹಿಡಿದುಕೊಳ್ಳಿ’ ಎನ್ನುತ್ತಾರೆ ವೈದ್ಯರು. ಉಸಿರೆಳೆದಾಗ ಪಕ್ಕೆಲುಬಿನ ಮರೆಯಲ್ಲಿದ್ದ ಲಿವರ್ ಕೆಳಗೆ ಸರಿದು ಪರದೆಯಲ್ಲಿ ಸರಿಯಾಗಿ ಕಾಣುತ್ತದೆ. ಸಿರೋಸಿಸ್ ಆದ ಲಿವರ್‌ನ ಅಂಚು ಉಬ್ಬುತಗ್ಗಾಗಿರುತ್ತದೆ. ಆ ಗಂಟುಗಳ ನಡುವೆ ಹೊಸದಾಗಿ ಒಂದು ಮಚ್ಚೆ ಮೂಡಿದೆಯೇ ಎಂದು ಹುಡುಕುವುದೇ ಇಲ್ಲಿನ ಕೆಲಸ. ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ನೋವಿಲ್ಲ. ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆ. ಅನುಮಾನ ಬಂದರೆ ಸಿಟಿ ಅಥವಾ ಎಂಆರ್‌ಐ. ಸಿರೋಸಿಸ್ ಇದ್ದವರಲ್ಲಿ ಎಷ್ಟೋ ಸಲ ಬಯಾಪ್ಸಿ ಇಲ್ಲದೆಯೇ ರೋಗ ಖಚಿತವಾಗುತ್ತದೆ.

ಇದನ್ನು ಆರು ತಿಂಗಳಿಗೊಮ್ಮೆ ಯಾಕೆ ತಪ್ಪಿಸಬಾರದು ಎಂದರೆ, ಚಿಕ್ಕ ಗಡ್ಡೆ ನೋಯುವುದಿಲ್ಲ, ಹಸಿವು ಕೆಡಿಸುವುದಿಲ್ಲ. ಲಕ್ಷಣಕ್ಕೆ ಕಾದವರಿಗೆ ಅದು ಚಿಕ್ಕದಾಗಿರುವಾಗ ಸಿಗುವುದೇ ಇಲ್ಲ. ‘ಬಿಟ್ಟು ಐದು ವರ್ಷ ಆಯ್ತು, ಇನ್ನೇನು ಭಯ’ ಎನ್ನುವವರು ಒಂದು ಮಾತು ನೆನಪಿಡಬೇಕು: ಕುಡಿತ ಬಿಟ್ಟರೆ ಆಯಸ್ಸು ಹೆಚ್ಚುತ್ತದೆ, ಕ್ಯಾನ್ಸರ್ ಭೀತಿ ಕ್ರಮೇಣ ತಗ್ಗುತ್ತದೆ; ಆದರೆ ಸಿರೋಸಿಸ್ ಇರುವವರೆಗೆ ಪೂರ್ತಿ ಹೋಗುವುದಿಲ್ಲ.

ಗಾತ್ರವೇ ದಾರಿ ತೋರುತ್ತದೆ

ಗಡ್ಡೆ ಎಷ್ಟು ದೊಡ್ಡದು, ಎಷ್ಟಿವೆ, ಉಳಿದ ಲಿವರ್‌ಗೆ ಎಷ್ಟು ಶಕ್ತಿಯಿದೆ ಎಂಬುದರ ಮೇಲೆ ಚಿಕಿತ್ಸೆ ತೀರ್ಮಾನವಾಗುತ್ತದೆ. ಎರಡು–ಮೂರು ಸೆಂಟಿಮೀಟರ್ ಒಳಗಿದ್ದರೆ ಚರ್ಮದ ಮೂಲಕ ಸೂಜಿ ಇಳಿಸಿ ಗಡ್ಡೆಯನ್ನು ಅಲ್ಲೇ ಸುಟ್ಟುಹಾಕಬಹುದು. ಲಿವರ್ ಗಟ್ಟಿಮುಟ್ಟಾಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಬಹುದು. ಕಸಿ ಮಾಡಿದರೆ ಗಡ್ಡೆಯ ಜೊತೆಗೆ ಸಿರೋಸಿಸ್ ಕೂಡ ಹೋಗುತ್ತದೆ. 1996ರಲ್ಲಿ ಇಟಲಿಯ ಮಿಲಾನ್‌ನ ವೈದ್ಯರು ಒಂದು ಅಳತೆ ಕೊಟ್ಟರು: ಒಂದೇ ಗಡ್ಡೆಯಾದರೆ 5 ಸೆಂ.ಮೀ. ಮೀರಬಾರದು, ಹೆಚ್ಚಿದ್ದರೆ ಮೂರರೊಳಗಿದ್ದು ಪ್ರತಿಯೊಂದೂ 3 ಸೆಂ.ಮೀ. ದಾಟಿರಬಾರದು. ಆ ಅಧ್ಯಯನದಲ್ಲಿ ಕಸಿ ಮಾಡಿಸಿಕೊಂಡವರು ನಾಲ್ಕು ವರ್ಷ ಬದುಕುವ ಪ್ರಮಾಣ ಶೇ 75. ನಮ್ಮಲ್ಲಿ ಮನೆಯವರೇ ಲಿವರ್‌ನ ಒಂದು ಭಾಗ ಕೊಡುವುದುಂಟು. ಕೊಟ್ಟವರ ಲಿವರ್ ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಮೃತರ ಅಂಗದಾನಕ್ಕೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯಿದೆ. ಆದರೆ ಕುಡಿತ ಬಿಟ್ಟಿದ್ದಾರೆ, ಮತ್ತೆ ಹಿಡಿಯುವುದಿಲ್ಲ ಎಂಬ ಭರವಸೆ ಮೂಡದೆ ಕಸಿ ತಂಡ ಮುಂದುವರಿಯುವುದಿಲ್ಲ.

ಇವ್ಯಾವೂ ಆಗದಿದ್ದರೆ ಟೇಸ್ ಎಂಬ ವಿಧಾನವಿದೆ. ಆರೋಗ್ಯವಂತ ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನ ಕಡೆಯ ಪೋರ್ಟಲ್ ಅಭಿಧಮನಿಯಿಂದ. ಗಡ್ಡೆ ಮಾತ್ರ ಅಪಧಮನಿಯ ರಕ್ತ ಹೀರಿ ಬೆಳೆಯುತ್ತದೆ. ತೊಡೆಸಂದಿನಿಂದಲೋ ಮುಂಗೈಯಿಂದಲೋ ತೆಳುವಾದ ಕೊಳವೆ ತೂರಿಸಿ, ಆ ಅಪಧಮನಿಯ ಕವಲಿಗೇ ಔಷಧಿ ಬಿಟ್ಟು, ರಕ್ತದ ದಾರಿ ಮುಚ್ಚುತ್ತಾರೆ. ಗಡ್ಡೆ ಒಣಗುತ್ತದೆ, ಸುತ್ತಲಿನ ಲಿವರ್ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ.

ರೋಗ ಹರಡಿದ್ದರೆ ಔಷಧಿಗಳೇ ಗತಿ. ಸೊರಾಫೆನಿಬ್ ಮಾತ್ರೆಯ ಕಥೆಯಲ್ಲಿ ಭಾರತಕ್ಕೆ ದೊಡ್ಡ ಪಾತ್ರವಿದೆ. ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೀಳುತ್ತಿದ್ದ ಈ ಔಷಧಿಯನ್ನು 8,800 ರೂಪಾಯಿಗೆ ಮಾರಲು ಪೇಟೆಂಟ್ ಕಚೇರಿ 2012ರ ಮಾರ್ಚ್‌ನಲ್ಲಿ ನ್ಯಾಟ್ಕೋ ಕಂಪನಿಗೆ ಅನುಮತಿ ಕೊಟ್ಟಿತು. ದೇಶದ ಮೊದಲ ಕಡ್ಡಾಯ ಪರವಾನಗಿ ಅದು. ಈಗ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಜೋಡಿಯಂಥ ಇಮ್ಯುನೊಥೆರಪಿ ಬಂದಿದೆ. ಪ್ರಯೋಗದಲ್ಲಿ ಸೊರಾಫೆನಿಬ್ ಪಡೆದವರಲ್ಲಿ ಅರ್ಧದಷ್ಟು ಮಂದಿ 13.4 ತಿಂಗಳು ದಾಟಿ ಬದುಕಿದರೆ, ಈ ಜೋಡಿ ಪಡೆದವರಲ್ಲಿ ಅರ್ಧದಷ್ಟು ಮಂದಿ 19.2 ತಿಂಗಳು ದಾಟಿದರು. ಇದು ಸಣ್ಣ ಗೆಲುವಲ್ಲ. ಆದರೂ ಬೇಗ ಸಿಕ್ಕವರಿಗೆ ಲೆಕ್ಕ ವರ್ಷಗಳಲ್ಲಿ, ತಡವಾದವರಿಗೆ ತಿಂಗಳುಗಳಲ್ಲಿ.

ಬಿಡುವುದಕ್ಕೂ ವೈದ್ಯರು ಬೇಕು

ದಿನವೂ ವಿಪರೀತ ಕುಡಿಯುವವರು ಹಠಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸುವುದು ಅಪಾಯ. ಒಂದೆರಡು ದಿನದಲ್ಲಿ ಕೈ ನಡುಗಬಹುದು, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಕುತ್ತು ಬರಬಹುದು. ಔಷಧಿಯ ಆಸರೆಯಲ್ಲಿ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ-ಮಾನಸ್, ಎರಡೂ ಉಚಿತ.

ಇದೆಲ್ಲಕ್ಕೂ ಅಡ್ಡ ನಿಲ್ಲುವುದು ನಾಚಿಕೆ. ‘ಕುಡಿದವನಿಗೆ ಆಗಬೇಕಾದ್ದೇ ಆಯ್ತು’ ಎಂಬ ನಮ್ಮ ಮಾತು ರೋಗಿಯನ್ನು ಕುಡಿತದಿಂದ ದೂರ ಮಾಡಿದ್ದಿಲ್ಲ, ಆಸ್ಪತ್ರೆಯಿಂದ ದೂರ ಮಾಡಿದೆ. ಎಷ್ಟು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದರೆ ಅರ್ಧ ಮಾತ್ರ ಹೇಳುವಂತೆ ಮಾಡಿದೆ. ಸಿರೋಸಿಸ್ ಎಂದು ಗೊತ್ತಾದ ಪ್ರತಿಯೊಬ್ಬರ ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಸ್ಕ್ಯಾನ್‌ನ ತಾರೀಕು ಬರೆದಿರಲಿ. ಬರೆದಿಲ್ಲವಾದರೆ ಮನೆಯವರು ಕೇಳಿ ಬರೆಸಿಕೊಳ್ಳಲಿ. ಆ ತಾರೀಕಿಗೆ ಅಪ್ಪನನ್ನೋ ಅಣ್ಣನನ್ನೋ ಬೈಯದೆ ಕರೆದುಕೊಂಡು ಹೋಗುವುದು ನಮ್ಮ ಕೈಯಲ್ಲೇ ಇದೆ.