ಅಚ್ಚು ಕೊರೆದವರ ಕೈಗುರುತು

1796ರ ಇಸವಿ ಹೊತ್ತ ಅಮೆರಿಕದ ಕೆಲವು ಐದು ಸೆಂಟಿನ ಬೆಳ್ಳಿ ನಾಣ್ಯಗಳಲ್ಲಿ ‘ಲಿಬರ್ಟಿ’ ಎಂಬ ಪದ ‘ಲಿಕರ್ಟಿ’ ಎಂದು ಕಾಣುತ್ತದೆ. ಬಿ ಅಕ್ಷರದ ಅಚ್ಚುಮೊಳೆ ಊನವಾಗಿದ್ದರಿಂದ ಅದು ಕೆ ಅಕ್ಷರದ ರೂಪ ತಾಳಿತು. ತಪ್ಪು ಉಳಿದೇಬಿಟ್ಟಿತು. ಇನ್ನೂರು ವರ್ಷ ದಾಟಿದ ಮೇಲೆ ಜನ ಆ ತಪ್ಪನ್ನೇ ಹುಡುಕಿಕೊಂಡು ಹೋಗುತ್ತಾರೆ.

ಅಮೆರಿಕದ ಸಂಸತ್ತು 1792ರ ಏಪ್ರಿಲ್‌ನಲ್ಲಿ ಕಾಯಿದೆ ಮಾಡಿ ಫಿಲಡೆಲ್ಫಿಯಾದಲ್ಲಿ ಟಂಕಸಾಲೆ ಸ್ಥಾಪಿಸಿತು. ಬೆಳ್ಳಿ ಡಾಲರ್ ಹೊರಬಂದದ್ದು 1794ರಲ್ಲಿ, ಅದೂ 1,758 ಮಾತ್ರ. ಅವುಗಳಲ್ಲೊಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರ್ ದಾಟಿ ಸುದ್ದಿಯಾಯಿತು. ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು ಆ ಕಾಲದ ಅರ್ಧ ಡಾಲರ್. ಸಾಧಾರಣ ಸಂಗ್ರಾಹಕನೂ ಅದನ್ನು ಕೊಂಡು ಅಭ್ಯಾಸ ಮಾಡಬಹುದು.

ಆಗ ನಾಣ್ಯದ ಅಚ್ಚು ತಯಾರಾಗುತ್ತಿದ್ದ ಬಗೆ ತಿಳಿದರೆ ಈ ಹವ್ಯಾಸದ ಗುಟ್ಟು ತಿಳಿಯುತ್ತದೆ. ಮುಂಬದಿಯ ಸ್ವಾತಂತ್ರ್ಯದೇವಿ, ಹಿಂಬದಿಯ ಹದ್ದು, ಇವಷ್ಟೇ ಇಡಿಯಾಗಿ ಉಕ್ಕಿನ ಅಚ್ಚಿನ ಮೇಲೆ ಮೂಡುತ್ತಿದ್ದವು. ಸುತ್ತಲಿನ ಹದಿಮೂರು ನಕ್ಷತ್ರ, ಅಕ್ಷರ, ಇಸವಿಯ ಅಂಕೆಗಳನ್ನು ಕೆಲಸಗಾರ ಬಿಡಿಬಿಡಿ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದು ಕೂರಿಸಬೇಕಿತ್ತು. ಒಮ್ಮೆ ನಕ್ಷತ್ರ ಕೂದಲಿಗೆ ಹತ್ತಿರ ಬಿದ್ದರೆ ಇನ್ನೊಮ್ಮೆ ದೂರ. ಒಂದು ಅಚ್ಚಿನಲ್ಲಿ ಇಸವಿಯ ಕೊನೆಯ ಅಂಕೆ ಮೇಲೆದ್ದಿದ್ದರೆ ಇನ್ನೊಂದರಲ್ಲಿ ವಾಲಿರುತ್ತದೆ. ಹಾಗಾಗಿ ಒಂದು ಅಚ್ಚಿನಂತೆ ಇನ್ನೊಂದಿಲ್ಲ. ಎರಡು ಬದಿಯ ಅಚ್ಚುಗಳು ಒಟ್ಟಿಗೇ ಹಾಳಾಗುತ್ತಿರಲಿಲ್ಲ. ಒಂದು ಒಡೆದರೆ ಉಳಿದದ್ದಕ್ಕೆ ಹೊಸ ಜೊತೆ ಸಿಗುತ್ತಿತ್ತು. ಈ ಜೋಡಿಗಳನ್ನು ಸಂಗ್ರಾಹಕರು ‘ಅಚ್ಚುಗಳ ಮದುವೆ’ ಎಂದೇ ಕರೆಯುತ್ತಾರೆ. 1807ರಿಂದ 1836ರವರೆಗಿನ ಅರ್ಧ ಡಾಲರ್‌ಗಳಲ್ಲೇ ಇಂಥ ಸುಮಾರು 450 ಮದುವೆಗಳು ಪತ್ತೆಯಾಗಿವೆ.

ಈ ಸರಣಿಯ ಚಿತ್ರ ರೂಪಿಸಿದವರು ಜರ್ಮನಿಯಿಂದ ಬಂದ ಜಾನ್ ರೈಖ್. ಅವರ ಕಾಲದ ನಾಣ್ಯಗಳಲ್ಲಿ ಹದಿಮೂರನೆಯ ನಕ್ಷತ್ರದ ಒಂದು ತುದಿಯಲ್ಲಿ ಸಣ್ಣ ಕಚ್ಚು ಕಾಣುತ್ತದೆ. ಹೆಸರು ಹಾಕದ ಕಲಾವಿದ ಬಿಟ್ಟುಹೋದ ಸಹಿ ಅದು ಎಂದು ಸಂಗ್ರಾಹಕರು ನಂಬುತ್ತಾರೆ. ನಾನೂ ನಂಬುತ್ತೇನೆ.

ಒಳ್ಳೆಯ ಉಕ್ಕು ದುರ್ಲಭವಾಗಿತ್ತು. ಹಳೆಯ ಅಚ್ಚನ್ನು ಎಸೆಯುವಂತಿರಲಿಲ್ಲ. 1814ರ ಅಚ್ಚಿನ ನಾಲ್ಕರ ಮೇಲೆ ಏಳು ಹೊಡೆದು 1817ರಲ್ಲಿ ಬಳಸಿದರು. ಆ ನಾಣ್ಯಗಳು ಇಂದು ಹನ್ನೆರಡರ ಆಸುಪಾಸು ಮಾತ್ರ ಉಳಿದಿವೆ. 1807ರ ಒಂದು ಅಚ್ಚಿನಲ್ಲಿ 50 ಸೆಂಟ್ ಎಂದು ಹೊಡೆಯಬೇಕಾದವನು ಮೊದಲು 20 ಎಂದು ಹೊಡೆದು, ಎರಡರ ಮೇಲೆಯೇ ಐದನ್ನು ಕೂರಿಸಿ ತಿದ್ದಿದ. ಅಡಿಯ ಎರಡು ಈಗಲೂ ಇಣುಕುತ್ತದೆ. ಬಳಸಿದಂತೆ ಅಚ್ಚು ಬಿರುಕು ಬಿಡುತ್ತಿತ್ತು. ಅದೇ ಬಿರುಕು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತಿತ್ತು. ಗೆರೆ ಬೆಳೆದ ಕ್ರಮದಲ್ಲಿ ನಾಣ್ಯಗಳನ್ನು ಜೋಡಿಸಿಟ್ಟರೆ ಒಂದು ಅಚ್ಚು ಸವೆದು ಸಾಯುವವರೆಗಿನ ಚರಿತ್ರೆ ಮೇಜಿನ ಮೇಲೆ ತೆರೆದುಕೊಳ್ಳುತ್ತದೆ. ಈ ಹವ್ಯಾಸದ ಅತಿ ದೊಡ್ಡ ಸುಖ ಇದೇ ಎನ್ನುವುದು ನನ್ನ ಅಭಿಪ್ರಾಯ.

ಇಂಥ ಮದುವೆಗಳನ್ನು ಗುರುತಿಸಲು ಬೇಕಾದದ್ದು ಒಳ್ಳೆಯ ಬೆಳಕು, ಭೂತಗನ್ನಡಿ, ಒಂದು ಪುಸ್ತಕ. ಅರ್ಧ ಡಾಲರ್‌ಗೆ 1967ರಲ್ಲಿ ಮೊದಲು ಅಚ್ಚಾದ ಅಲ್ ಓವರ್‌ಟನ್ನರ ಗ್ರಂಥವೇ ಆಧಾರ. ಪ್ರತಿ ಇಸವಿಯ ಪ್ರಭೇದಗಳಿಗೆ 101ರಿಂದ ಅವರು ಕೊಟ್ಟ ಸಂಖ್ಯೆಗಳೇ ಇಂದಿಗೂ ರೂಢಿಯಲ್ಲಿವೆ. ಕಾಲು ಡಾಲರ್‌ಗೆ 1925ರ ಬ್ರೌನಿಂಗ್ ಪುಸ್ತಕವಿದೆ. ನಕ್ಷತ್ರದ ಅಂತರ, ಅಂಕೆಯ ಓಲುವಿಕೆ, ಹದ್ದಿನ ಗುರಾಣಿಯ ಗೆರೆಗಳನ್ನು ಚಿತ್ರದೊಂದಿಗೆ ಹೋಲಿಸುತ್ತ ಹೋಗಬೇಕು. ವಿರಳತೆಗೆ ಒಂದರಿಂದ ಎಂಟರವರೆಗಿನ ಅಳತೆಗೋಲಿದೆ. ಎಂಟು ಎಂದರೆ ಮೂರಕ್ಕಿಂತ ಹೆಚ್ಚು ಸಿಕ್ಕಿಲ್ಲವೆಂದು ಅರ್ಥ. ವ್ಯಾಪಾರಿ ಬರಿಯ ಇಸವಿ ನೋಡಿ ಮಾಮೂಲಿ ಬೆಲೆ ಹೇಳಿದ ನಾಣ್ಯದಲ್ಲಿ ಓದಿಕೊಂಡವನಿಗೆ ಅಪರೂಪದ ಮದುವೆ ಸಿಗುವುದುಂಟು.

ಇಷ್ಟು ನಾಣ್ಯಗಳು ಉಳಿದದ್ದಕ್ಕೂ ಕಾರಣವಿದೆ. ಬೆಳ್ಳಿ ಡಾಲರ್‌ಗಳು ಹೊರದೇಶಗಳಿಗೆ ಹರಿದುಹೋಗುತ್ತಿದ್ದುದರಿಂದ 1804ರ ಬಳಿಕ ಅವುಗಳ ತಯಾರಿ ನಿಂತಿತು. ಅಲ್ಲಿಂದ ಮೂರು ದಶಕ ಅರ್ಧ ಡಾಲರೇ ದೊಡ್ಡ ಬೆಳ್ಳಿ ನಾಣ್ಯ. ಬ್ಯಾಂಕುಗಳು ಅದನ್ನು ಚೀಲ ಕಟ್ಟಿ ಠೇವಣಿಯಾಗಿ ಇಟ್ಟವು, ಅದು ಕೈಯಿಂದ ಕೈಗೆ ಹೋಗಿ ಸವೆಯಲಿಲ್ಲ. 1836ರಲ್ಲಿ ನಾಣ್ಯ ಒತ್ತಲು ಉಗಿಯಂತ್ರ ಬಂದಿತು, ಅಂಚಿನ ಮೇಲೆ ಬೆಲೆ ಬರೆಯುವ ಪದ್ಧತಿಯೂ ಹೋಯಿತು, ಈ ಸರಣಿ ಅಲ್ಲಿಗೆ ಮುಗಿಯಿತು.

ಜಾನ್ ರೈಖ್ ಸಂಗ್ರಾಹಕರ ಸಂಘ ಈ ಅಧ್ಯಯನವನ್ನು ನಡೆಸಿಕೊಂಡು ಬಂದಿದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ರಾಷ್ಟ್ರದ ನಾಣ್ಯಭಂಡಾರವಿದೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವವರು ಅತ್ತ ಒಂದು ಮಧ್ಯಾಹ್ನ ಮೀಸಲಿಡಿ. ಯಾವ ದೇಶದ್ದೇ ಆಗಲಿ, ಹಳೆಯ ಬೆಳ್ಳಿ ನಾಣ್ಯ ನಿಮ್ಮ ಕೈಗೆ ಬಂದರೆ ದೇವರ ದೀಪ ಬೆಳಗುವ ಹಾಗೆ ವಿಭೂತಿ ಹಾಕಿ ಉಜ್ಜಬೇಡಿ. ಅಚ್ಚಿನ ಸೂಕ್ಷ್ಮ ಗೆರೆಗಳು ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ.