ಮನೆಯೊಳಗಿನ ಆಮೆಗೆ ಬಿಸಿಲು ಎಲ್ಲಿಂದ?



ಯುಗಾದಿ ಕಾರ್ಯಕ್ರಮದ ದಿನ ಊಟದ ಪಂಕ್ತಿಯಲ್ಲಿ ಶುರುವಾದ ಮಾತು ಇದು. ನಮ್ಮ ಮನೆಯಲ್ಲಿ ಆಮೆ ಇದೆಯೆಂದು ಗೊತ್ತಾದ ಮೇಲೆ ಮೂರು ನಾಲ್ಕು ಮನೆಯವರು ಬಂದು, "ನಮ್ಮಲ್ಲೂ ಒಂದಿದೆ, ಮಕ್ಕಳು ಹಟ ಹಿಡಿದು ತಂದದ್ದು, ಯಾಕೋ ಮಂಕಾಗಿದೆ" ಎಂದರು. ಎಲ್ಲರ ಕಥೆಯೂ ಒಂದೇ. ಟಿವಿ ಪಕ್ಕದಲ್ಲಿ ಗಾಜಿನ ಬೋಗುಣಿ, ಅದರಲ್ಲಿ ನಾಲ್ಕು ಬೆರಳು ನೀರು, ಒಂದು ಪ್ಲಾಸ್ಟಿಕ್ ತೆಂಗಿನ ಮರ.

ಒಂಬತ್ತು ವರ್ಷದ ಹಿಂದೆ ಹೊಸೂರಿನ ನಮ್ಮ ಮನೆಯಲ್ಲೂ ಅದೇ ಇತ್ತು. ಅಂಗಡಿಯವರು "ಇದು ಇಷ್ಟೇ ದೊಡ್ಡದಾಗೋದು, ಬೇರೇನೂ ಬೇಡ" ಎಂದು ಕೊಟ್ಟರು, ನಾವು ನಂಬಿದೆವು. ಎಂಟನೇ ತಿಂಗಳಿಗೆ ಮಗ ಬಂದು, "ಅಮ್ಮಾ, ಇದರ ಚಿಪ್ಪು ಒತ್ತಿದರೆ ಒಳಗೆ ಹೋಗ್ತದೆ" ಎಂದ. ಹಸಿ ತೆಂಗಿನ ಗಂಜಿಯನ್ನು ಒತ್ತಿದ ಹಾಗೆ ಇತ್ತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, "ಏನು ತಿನ್ನಿಸ್ತೀರಿ?" ಅಂತಲ್ಲ, "ಬೆಳಕು ಯಾವುದು ಹಾಕಿದ್ದೀರಿ?" ಅಂತ. ನಮ್ಮಲ್ಲಿ ಉತ್ತರ ಇರಲಿಲ್ಲ. ಆಮೆ ಉಳಿಯಿತು, ಆದರೆ ಚಿಪ್ಪಿನ ಹಿಂಭಾಗ ಇವತ್ತಿಗೂ ಸೊಟ್ಟಗಿದೆ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಅದಕ್ಕೂ ಮೊದಲು, ನಿಮ್ಮಲ್ಲಿರುವುದು ಯಾವ ಆಮೆ ಎಂಬುದು ಇತ್ಯರ್ಥವಾಗಲಿ. ತೆಲುಗಿನಲ್ಲಿ ತಾಬೇಲು, ಮರಾಠಿಯಲ್ಲಿ ಕಾಸವ, ತಮಿಳಿನಲ್ಲಿ ಆಮೈ ಎಂದು ಯಾವ ಹೆಸರಲ್ಲಿ ಕೊಂಡಿದ್ದರೂ ಸರಿ, ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿದ್ದರೆ ಅದು ನಕ್ಷತ್ರ ಆಮೆ. ಮಡಕಶಿರ, ರಾಯದುರ್ಗದ ಕಡೆಯ ಕುರುಚಲು ಕಾಡಿನದು. ಹೊಲದಲ್ಲಿ ಸಿಕ್ಕಿತು, ಮನೆಗೆ ಅದೃಷ್ಟ ಎಂದು ತಂದಿಟ್ಟುಕೊಳ್ಳುವವರು ಇದ್ದಾರೆ. 2022ರ ತಿದ್ದುಪಡಿಯ ನಂತರ ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ಸಾಕುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ; 3ರಿಂದ 7 ವರ್ಷದ ಜೈಲು. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧ. ನಮ್ಮ ಕೆರೆ ಗದ್ದೆಗಳ ಆಮೆಗಳನ್ನೂ ಹೀಗೆಯೇ ಮನೆಗೆ ತರುವಂತಿಲ್ಲ. ಅಂಥದ್ದು ಮನೆಯಲ್ಲಿದ್ದರೆ ಲೈಟು ತೊಟ್ಟಿಯ ಚಿಂತೆ ಬೇಡ, ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ. ತಾವಾಗಿ ಎಲ್ಲೋ ಕಾಡಿಗೆ ಬಿಟ್ಟು ಬರಬೇಡಿ. ಅದು ಯಾವ ಸೀಮೆಯದೋ, ಯಾವ ರೋಗ ಹೊತ್ತಿದೆಯೋ ಗೊತ್ತಾಗದು.

ಅಂಗಡಿಗಳಲ್ಲಿ ಹೆಚ್ಚಾಗಿ ಮಾರುವುದು ಕೆಂಪು ಕಿವಿಯ ಆಮೆ. ಹಸಿರು ಮೈ, ಕಣ್ಣಿನ ಹಿಂದೆ ಕೆಂಪು ಪಟ್ಟೆ. ಊರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಕೊಳ್ಳುವಾಗ ಐದು ರೂಪಾಯಿ ಬಿಲ್ಲೆಗಿಂತ ತುಸು ದೊಡ್ಡದು. ಬೆಳೆದರೆ ಹೆಣ್ಣು 25ರಿಂದ 30 ಸೆಂಟಿಮೀಟರ್, ಅಂದರೆ ಒಂದು ಊಟದ ತಟ್ಟೆಯಷ್ಟು. ಗಂಡು ಅದಕ್ಕಿಂತ ಚಿಕ್ಕದು. ಚೆನ್ನಾಗಿ ಸಾಕಿದರೆ 30 ವರ್ಷ ಬದುಕೀತು. ಈಗ ಮೂರನೇ ತರಗತಿಯಲ್ಲಿರುವ ಮಗುವಿನ ಮದುವೆಯ ಹೊತ್ತಿಗೂ ಅದು ಮನೆಯಲ್ಲೇ ಇರುತ್ತದೆ. ಇನ್ನೂ ಕೊಂಡಿಲ್ಲದವರು ಈ ಸಾಲನ್ನು ಎರಡು ಸಲ ಓದಬೇಕು. ಕೊಳ್ಳಬೇಡಿ ಎಂಬುದೇ ನಮ್ಮ ಮನಸ್ಸಿನ ಮಾತು. ಮುಂದಿನದೆಲ್ಲ ಈಗಾಗಲೇ ತಂದವರಿಗೆ.

ಬೆಳಕಿನ ವಿಷಯ. ಆಮೆಯ ಚಿಪ್ಪು ಮೇಲೆ ಹೊದೆಸಿದ ಮುಚ್ಚಳವಲ್ಲ, ಅದರ ಬೆನ್ನುಮೂಳೆ ಪಕ್ಕೆಲುಬುಗಳೇ ಅಗಲವಾಗಿ ಕೂಡಿಕೊಂಡು ಆದದ್ದು. ಮೂಳೆಗೆ ಕ್ಯಾಲ್ಸಿಯಂ ಬೇಕು, ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಅದನ್ನು ಆಮೆ ತನ್ನ ಚರ್ಮದಲ್ಲಿ ಮಾಡಿಕೊಳ್ಳುವುದು ಬಿಸಿಲಿನ ಯುವಿಬಿ ಎಂಬ ಕಿರಣದಿಂದ. ಆ ಕಿರಣ ಸಿಗದಿದ್ದರೆ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಚಿಪ್ಪಿನಿಂದಲೇ ಕೀಳುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ.

"ನಮ್ಮದು ಕಿಟಕಿ ಪಕ್ಕದಲ್ಲೇ ಇದೆಯಲ್ಲ, ಬೆಳಿಗ್ಗೆ ಬಿಸಿಲು ಬೀಳ್ತದೆ" ಎಂದು ಒಬ್ಬ ಸದಸ್ಯರು ಹೇಳಿದರು. ಕಿಟಕಿಯ ಗಾಜು ಬೆಳಕನ್ನೂ ಶಾಖವನ್ನೂ ಒಳಗೆ ಬಿಡುತ್ತದೆ, ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಮೇಲಾಗಿ ಗಾಜಿನ ತೊಟ್ಟಿಗೆ ನೇರ ಬಿಸಿಲು ಬಿದ್ದರೆ ನೀರು ಕಾದು ಆಮೆ ಒಳಗೇ ಸಾಯಬಹುದು. ಹೀಗಾಗಿ ಕಿಟಕಿ ಪಕ್ಕ ಎಂಬುದು ಎರಡು ಕಡೆಯಿಂದಲೂ ನಷ್ಟ.

ಮನೆಯೊಳಗೆ ಎರಡು ದೀಪ ಬೇಕು. ಒಂದು ಶಾಖಕ್ಕೆ, ಇನ್ನೊಂದು ಯುವಿಬಿಗೆ. ಶಾಖಕ್ಕೆ ಹಳೆಯ ಕಾಲದ ತಂತಿ ಬಲ್ಬು ಅಥವಾ ಹ್ಯಾಲೊಜೆನ್ ಬಲ್ಬು ಸಾಕು. ಎಲ್‌ಇಡಿ ಆಗದು, ಅದರ ಬೆಳಕಿನಲ್ಲಿ ಕಾವಿಲ್ಲ. ಹೋಲ್ಡರ್ ಪಿಂಗಾಣಿಯದೇ ಇರಲಿ, ಪ್ಲಾಸ್ಟಿಕ್ಕಿನದು ಕರಗುತ್ತದೆ. ಯುವಿಬಿಗೆ ಸರೀಸೃಪಗಳಿಗೆಂದೇ ಮಾಡಿದ ಟ್ಯೂಬ್ ಬರುತ್ತದೆ. ಸುರುಳಿಯಾಕಾರದ ಚಿಕ್ಕ ಬಲ್ಬಿಗಿಂತ ಟಿ5 ಎಂಬ ಉದ್ದನೆಯ ಟ್ಯೂಬ್ ಮೇಲು, ಅದರ ಕಿರಣ ಆಮೆಯ ಮೈ ಪೂರ್ತಿ ಬೀಳುತ್ತದೆ. ಆಮೆ ಕೊಟ್ಟ ಬೆಲೆಗಿಂತ ಈ ಟ್ಯೂಬಿನ ಬೆಲೆ ಹೆಚ್ಚು, ಇದು ಕಹಿಯಾದರೂ ನಿಜ.

ಇಲ್ಲಿ ಒಂದು ಅಪಾಯ. ಅಕ್ವೇರಿಯಂ ಅಂಗಡಿಯಲ್ಲಿ "ಯುವಿ ಲೈಟ್ ಕೊಡಿ" ಎಂದರೆ ಕೆಲವೊಮ್ಮೆ ನೀರಿನ ಕ್ರಿಮಿ ಕೊಲ್ಲುವ ದೀಪವನ್ನು ಕೊಟ್ಟುಬಿಡುತ್ತಾರೆ. ಅದು ಯುವಿಸಿ, ಕುಡಿಯುವ ನೀರಿನ ಫಿಲ್ಟರಿನೊಳಗೆ ಇರುವಂಥದ್ದು. ಅದು ಬರಿದಾಗಿ ಉರಿದರೆ ಆಮೆಯ ಕಣ್ಣೂ ಹೋಗುತ್ತದೆ, ನಮ್ಮ ಕಣ್ಣೂ ಉರಿಯುತ್ತದೆ. ಪೊಟ್ಟಣದ ಮೇಲೆ ಯುವಿಬಿ ಎಂಬ ಅಕ್ಷರ ನೋಡಿಯೇ ಕೊಳ್ಳಿ. ನೇರಳೆ ಬಣ್ಣದಲ್ಲಿ ಹೊಳೆಯುವುದೆಲ್ಲ ಯುವಿಬಿಯೂ ಅಲ್ಲ, ಆ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ಕಾರಣಕ್ಕೇ ಇನ್ನೊಂದು ತೊಂದರೆ: ಟ್ಯೂಬ್ ಉರಿಯುತ್ತಲೇ ಇರುತ್ತದೆ, ಯುವಿಬಿ ಮಾತ್ರ ಬತ್ತಿರುತ್ತದೆ. ತಯಾರಕರು ಹೇಳಿದಂತೆ 6 ತಿಂಗಳಿಗೋ 12 ತಿಂಗಳಿಗೋ ಬದಲಿಸಬೇಕು. ನಾವು ಹಾಕಿದ ತಾರೀಕನ್ನು ಟ್ಯೂಬಿನ ತುದಿಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಡುತ್ತೇವೆ.

ಎರಡೂ ದೀಪ ಒಂದೇ ಜಾಗದ ಮೇಲೆ ಬೀಳಬೇಕು. ಆ ಜಾಗ ಆಮೆ ನೀರಿನಿಂದ ಪೂರ್ತಿ ಹೊರಗೆ ಬಂದು, ಹೊಟ್ಟೆಯಡಿಯೂ ಒಣಗುವಂತೆ ಕೂರುವ ಕಟ್ಟೆ. ನಾವು ಎರಡು ಇಟ್ಟಿಗೆ ಜೋಡಿಸಿ ಮೇಲೆ ಒರಟು ಕಡಪ ಕಲ್ಲು ಇಟ್ಟು, ಹತ್ತಲು ಇಳಿಜಾರು ಮಾಡಿದ್ದೇವೆ. ಕಟ್ಟೆಯ ಮೇಲೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬರುವವರೆಗೆ ಬಲ್ಬನ್ನು ಏರಿಸಿ ಇಳಿಸಿ ನೋಡಿ. ಅಂದಾಜು ಬೇಡ, ಥರ್ಮಾಮೀಟರ್ ಇಡಿ. ಯುವಿಬಿ ಟ್ಯೂಬಿನ ಅಂತರ ಅದರ ಶಕ್ತಿಯ ಮೇಲೆ ಹೋಗುತ್ತದೆ. ಬಹುತೇಕ 25ರಿಂದ 30 ಸೆಂಟಿಮೀಟರ್, ಆದರೆ ಪೊಟ್ಟಣದಲ್ಲಿರುವುದೇ ಪ್ರಮಾಣ. ದೀಪಕ್ಕೂ ಆಮೆಗೂ ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಬರಬಾರದು, ಸಣ್ಣ ಕಣ್ಣಿನ ಜಾಲರಿಯೂ ಕಿರಣವನ್ನು ತಿನ್ನುತ್ತದೆ. ದಿನಕ್ಕೆ 12 ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲು. ಒಂದು ಟೈಮರ್ ಹಾಕಿದರೆ ನೆಂಟರ ಮನೆಗೆ ಹೋದಾಗಲೂ ನೆಮ್ಮದಿ.

ತೊಟ್ಟಿಗೆ ನಾವು ಕೇಳಿ ಕಲಿತ ಲೆಕ್ಕ, ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು. ಬೆಳೆದ ಹೆಣ್ಣಿಗೆ 400 ಲೀಟರ್! ಅಷ್ಟು ದೊಡ್ಡ ಗಾಜಿನ ತೊಟ್ಟಿಗೆ ದುಡ್ಡು ಹಾಕುವ ಬದಲು, ಮಾಳಿಗೆಯಲ್ಲಿ ಬಿದ್ದಿದ್ದ ಹಳೆಯ ಪ್ಲಾಸ್ಟಿಕ್ ನೀರಿನ ಟ್ಯಾಂಕನ್ನು ಅಡ್ಡ ಕೊಯ್ಸಿ, ಅಂಚು ಉಜ್ಜಿಸಿ ಇಟ್ಟುಕೊಂಡೆವು. ನೋಡಲು ಚೆಂದವಿಲ್ಲ, ಬಂದವರೆಲ್ಲ "ಇದೇನ್ರೀ ಹಾಲ್‌ನಲ್ಲಿ" ಅಂತ ಕೇಳುತ್ತಾರೆ. ಆಮೆಗೆ ಆಕ್ಷೇಪವಿಲ್ಲ. ನೀರಿನ ಆಳ ಚಿಪ್ಪಿನ ಉದ್ದದ ಒಂದೂವರೆ ಪಟ್ಟಾದರೂ ಇರಲಿ, ಮಗುಚಿಕೊಂಡರೆ ತಿರುಗಲು ಬೇಕು. ಫಿಲ್ಟರ್ ಮೀನಿಗೆ ಹೇಳಿದ್ದಕ್ಕಿಂತ ಎರಡು ಪಟ್ಟು ದೊಡ್ಡದು ತನ್ನಿ, ಆಮೆ ಗಲೀಜು ಮಾಡುವುದು ಜಾಸ್ತಿ. ನೀರು, ಕರೆಂಟು ಎರಡೂ ಒಂದೇ ಕಡೆ ಇರುವುದರಿಂದ ಎಲೆಕ್ಟ್ರಿಷಿಯನ್ ಕರೆಸಿ ಕರೆಂಟು ಸೋರಿದರೆ ತಾನೇ ಕಡಿಯುವ ಬ್ರೇಕರ್ ಹಾಕಿಸಿ. ಕೈ ಹಾಕುವ ಮುಂಚೆ ಪ್ಲಗ್ ತೆಗೆಯಿರಿ.

ನಮ್ಮ ಸದಸ್ಯರ ಊರುಗಳು ಒಂದೊಂದು ಹವೆಯವು. ನೀಲಗಿರಿಯವರಿಗೆ ನೀರಿನ ಹೀಟರ್ ಇಲ್ಲದೆ ಆಗದು. ನೀರು 24ರಿಂದ 27 ಡಿಗ್ರಿ ಇರಬೇಕು, ಅಲ್ಲಿಯ ಚಳಿಗಾಲದ ರಾತ್ರಿಗೆ ಅದು ತಾನಾಗಿ ನಿಲ್ಲುವುದಿಲ್ಲ. ಹೀಟರಿಗೆ ಕವಚ ಇರಲಿ, ಆಮೆ ಗುದ್ದಿ ಗಾಜು ಒಡೆಯುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಹೀಟರ್ ಬಹುಪಾಲು ಕಪಾಟಿನಲ್ಲೇ ಇರುತ್ತದೆ. ಅಲ್ಲಿ ಮೇ ತಿಂಗಳಲ್ಲಿ ಶಾಖದ ಬಲ್ಬನ್ನು ಆರಿಸಿ ಯುವಿಬಿ ಮಾತ್ರ ಉರಿಸಬೇಕಾದ ದಿನಗಳೂ ಬರುತ್ತವೆ. ಕಾಸರಗೋಡಿನವರಿಗೆ ಮಳೆಗಾಲ ಕಷ್ಟ. ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯನೇ ಅಪರೂಪ, ಟ್ಯೂಬೇ ಗತಿ. ಉಳಿದ ದಿನಗಳಲ್ಲಿ ನಿಜವಾದ ಬಿಸಿಲಿಗೆ ಸಾಟಿಯಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಹೊರಗಿಡಿ, ಅರ್ಧ ಭಾಗ ನೆರಳಿರಲಿ. ಕಾಗೆ, ಬೆಕ್ಕಿನ ಮೇಲೆ ಕಣ್ಣಿಡಿ.

ಆಹಾರದ ಬಗ್ಗೆ ಒಂದೇ ಮಾತು. ಒಣಗಿದ ಸೀಗಡಿ ಒಂದನ್ನೇ ಹಾಕಬೇಡಿ. ಆಮೆಗೆಂದು ಮಾಡಿದ ಕಾಳು, ಬೆಳೆದಂತೆ ಹೆಚ್ಚು ಸೊಪ್ಪು. ಕ್ಯಾಲ್ಸಿಯಂಗೆ ಗ್ರಂಥಿಗೆ ಅಂಗಡಿಯ ಸಮುದ್ರ ನೊರೆಯ ಒಂದು ತುಂಡನ್ನು ನೀರಿನಲ್ಲಿ ತೇಲಬಿಡುತ್ತೇವೆ, ಅದು ಕಡಿದುಕೊಂಡಿರುತ್ತದೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಕಡ್ಡಾಯ, ತೊಟ್ಟಿಯ ಸಾಮಾನನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬಾರದು. ಆಮೆಯ ಮೈಮೇಲಿನ ಸಾಲ್ಮೊನೆಲ್ಲಾ ಮಕ್ಕಳಿಗೆ ಬರುತ್ತದೆಂದೇ ಅಮೆರಿಕದಲ್ಲಿ 1975ರಿಂದ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದ್ದಾರೆ. ಇಲ್ಲಿ ನಮಗೆ ಮಾರುವುದು ಮಾತ್ರ ಚಿಕ್ಕದನ್ನೇ.

ಇಷ್ಟೆಲ್ಲ ಆಗದು ಎನಿಸಿದವರು ಪುಣ್ಯದ ಕೆಲಸವೆಂದು ಅದನ್ನು ದೇವಸ್ಥಾನದ ಕಲ್ಯಾಣಿಗೋ ಹೊಳೆಗೋ ಬಿಡುವುದುಂಟು. ದಯವಿಟ್ಟು ಬಿಡಬೇಡಿ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆ ಇದೆ. ಎಲ್ಲಿ ಬಿಟ್ಟರೂ ಬದುಕಿ, ಅಲ್ಲಿಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿಯುತ್ತದೆ. ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಬಲು ಅಪರೂಪದ ದೈತ್ಯ ಮೆದುಚಿಪ್ಪಿನ ಆಮೆ ಇಂದಿಗೂ ಮೊಟ್ಟೆಯಿಡುತ್ತಿದೆ. ಅದರ ಮನೆಗೆ ನಮ್ಮ ಮನೆಯ ಬೇಡವಾದ್ದನ್ನು ಕಳಿಸುವುದು ಪುಣ್ಯವಾಗಲಾರದು. ಸಾಕಲಾಗದವರು ಅರಣ್ಯ ಇಲಾಖೆಯನ್ನೋ ಪ್ರಾಣಿರಕ್ಷಣೆ ಮಾಡುವವರನ್ನೋ ಕೇಳಿ, ಅಥವಾ ಸಂಘಕ್ಕೆ ತಿಳಿಸಿ, ಒಟ್ಟಿಗೆ ವಿಚಾರಿಸೋಣ.

ನಮ್ಮ ಹಳೆಯ ಎರಡಡಿ ಗಾಜಿನ ತೊಟ್ಟಿ, ಒಂದು ಪಿಂಗಾಣಿ ಹೋಲ್ಡರ್ ಮತ್ತು ಟೈಮರ್ ಹಾಗೇ ಇವೆ. ಮರಿ ಆಮೆ ಇರುವ ಸದಸ್ಯರಿಗೆ ಒಂದೆರಡು ವರ್ಷಕ್ಕೆ ಆದೀತು. ಮುಂದಿನ ತಿಂಗಳ ಸಭೆಗೆ ತರುತ್ತೇವೆ, ಬೇಕಾದವರು ಮೊದಲೇ ಹೇಳಿಡಿ. ಟ್ಯೂಬನ್ನು ಮಾತ್ರ ಹೊಸದೇ ಕೊಳ್ಳಬೇಕು.